ಬಹುಮಾನದ ಮೆಸೇಜ್ ಕಳಿಸುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಹುಮಾನದ ಮೆಸೇಜ್ ಬಗ್ಗೆಯೇ ಇವೆ. ಹಬ್ಬ ಹತ್ತಿರ ಬಂತು, ಅಂಗಡಿಯವರಿಗೆ ಲಕ್ಕಿ ಡ್ರಾ ಇಡುವ ಆಸೆ. ಇನ್ನೊಂದು ಕಡೆ ಅಂಥ ಮೆಸೇಜ್ ಬಂದವರಿಗೆ ಭಯ. ಹಾಗಾಗಿ ಈ ಸಂಚಿಕೆಯನ್ನು ಇದೊಂದಕ್ಕೇ ಇಟ್ಟಿದ್ದೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ನಾನು ವಕೀಲೆ ಅಲ್ಲ. ಮೈಸೂರಿನಲ್ಲಿ 16 ವರ್ಷದಿಂದ ಅಂಗಡಿ, ಶಾಲೆ, ನರ್ಸಿಂಗ್ ಹೋಮ್‌ಗಳಿಗೆ ಬಲ್ಕ್ ಎಸ್‌ಎಂಎಸ್ ಕಳಿಸಿಕೊಡುವ ಕೆಲಸ ಮಾಡುತ್ತಿದ್ದೇನೆ. ಯಾವ ಮೆಸೇಜ್ ಯಾಕೆ ಹೋಗಲಿಲ್ಲ, ಯಾವುದರಿಂದ ಯಾರಿಗೆ ತೊಂದರೆ ಆಯಿತು ಅನ್ನುವುದನ್ನು ದಿನಾ ನೋಡುತ್ತೇನೆ. ಅದರಿಂದ ಕಲಿತಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ಚಾಮರಾಜನಗರದಲ್ಲಿ ನಮ್ಮದು ಸೀರೆ ಅಂಗಡಿ. ದೀಪಾವಳಿಗೆ ಲಕ್ಕಿ ಡ್ರಾ ಇಡಬೇಕೆಂದಿದ್ದೇವೆ. 2,000 ರೂಪಾಯಿ ಮೇಲೆ ಬಟ್ಟೆ ತೆಗೆದುಕೊಂಡವರು ಬಿಲ್ ನಂಬರನ್ನು ನಮಗೆ ಎಸ್‌ಎಂಎಸ್ ಮಾಡಬೇಕು. ಚೀಟಿ ಎತ್ತಿ ಒಬ್ಬರಿಗೆ ಸ್ಕೂಟರ್, ಹತ್ತು ಜನಕ್ಕೆ ಬೆಳ್ಳಿ ದೀಪ ಕೊಡುತ್ತೇವೆ. ಬಿಲ್ ಪುಸ್ತಕದಲ್ಲಿ ನಾಲ್ಕು ಸಾವಿರ ಗಿರಾಕಿಗಳ ನಂಬರ್ ಇದೆ. ಹೊಸ ಸಿಮ್ ತಂದು ಅದರಿಂದಲೇ ಎಲ್ಲರಿಗೂ ಕಳಿಸಿಬಿಡೋಣ ಅಂತಾನೆ ಮಗ. ತಾಳವಾಡಿ ಕಡೆಯಿಂದಲೂ ಗಿರಾಕಿಗಳು ಬರುತ್ತಾರೆ. ತಪ್ಪೇನಾದರೂ ಆಗುತ್ತದಾ?

ಉತ್ತರ: ಮೊದಲು ಮಗನ ಕೈಯಿಂದ ಆ ಸಿಮ್ ತೆಗೆದುಕೊಳ್ಳಿ. ಉಳಿದದ್ದು ಆಮೇಲೆ ಮಾತಾಡೋಣ.

ಹತ್ತು ಅಂಕಿಯ ಮಾಮೂಲಿ ನಂಬರಿನಿಂದ ವ್ಯಾಪಾರದ ಮೆಸೇಜ್ ಕಳಿಸುವ ಹಾಗೇ ಇಲ್ಲ. ಅಂಥವರನ್ನು ಟ್ರಾಯ್ (ಕೇಂದ್ರದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ನೋಂದಣಿಯಾಗದ ಟೆಲಿಮಾರ್ಕೆಟರ್ ಅನ್ನುತ್ತಾರೆ. 2025ರ ಫೆಬ್ರವರಿಯಲ್ಲಿ ಈ ನಿಯಮ ಇನ್ನೂ ಬಿಗಿಯಾಯಿತು. ಹತ್ತು ದಿನದಲ್ಲಿ ಐದು ಜನ ದೂರು ಕೊಟ್ಟರೆ ಸಾಕು, ಕ್ರಮ ಶುರುವಾಗುತ್ತದೆ. ಮೊದಲ ಸಲ 15 ದಿನ ನಿಮ್ಮ ನಂಬರುಗಳಿಂದ ಕರೆ, ಮೆಸೇಜ್ ಹೊರಗೆ ಹೋಗುವುದಿಲ್ಲ. ಮತ್ತೆ ಅದೇ ತಪ್ಪಾದರೆ ನಿಮ್ಮ ಹೆಸರಿನಲ್ಲಿರುವ ಎಲ್ಲ ಸಂಪರ್ಕವೂ ಒಂದು ವರ್ಷ ಬಂದ್. ಒಂದು ಕಂಪನಿಯಲ್ಲಿ ಮಾತ್ರ ಅಲ್ಲ, ಎಲ್ಲ ಕಂಪನಿಗಳಲ್ಲೂ. ನಾಲ್ಕು ಸಾವಿರ ಜನರಲ್ಲಿ ಐದು ಜನ ಬೇಸರದಿಂದ ದೂರು ಕೊಡುವುದು ದೊಡ್ಡ ಮಾತೇನಲ್ಲ. ದೀಪಾವಳಿ ವಾರದಲ್ಲಿ ಅಂಗಡಿ ಫೋನ್ ಸತ್ತು ಕೂತರೆ ಗತಿ ಏನು, ನೀವೇ ಯೋಚನೆ ಮಾಡಿ.

ಸರಿಯಾದ ದಾರಿ ಹೀಗಿದೆ. ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಮೆಸೇಜ್ ಕಳಿಸುವ ಅಂಗಡಿ ಮೊದಲು ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ಹೆಸರು ಬರೆಸಬೇಕು. ಜಿಯೋ, ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ಎಲ್ಲರಿಗೂ ಅದಕ್ಕೊಂದು ಪೋರ್ಟಲ್ ಇದೆ. ಯಾವುದಾದರೂ ಒಂದರಲ್ಲಿ ಮಾಡಿಸಿದರೆ ಸಾಕು. ಪ್ಯಾನ್, ಜಿಎಸ್‌ಟಿ, ಅಂಗಡಿ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ, ಒಂದಷ್ಟು ಶುಲ್ಕ. ಒಪ್ಪಿಗೆಯಾದ ಮೇಲೆ 19 ಅಂಕಿಯ ಒಂದು ನಂಬರ್ ಸಿಗುತ್ತದೆ. ಅದನ್ನು ಬಿಲ್ ಪುಸ್ತಕದ ರಟ್ಟಿನ ಒಳಗೆ ಬರೆದಿಟ್ಟುಕೊಳ್ಳಿ. ಯಾರು ಕೇಳಿದರೂ ಮೊದಲು ಅದನ್ನೇ ಕೇಳುತ್ತಾರೆ.

ಆಮೇಲೆ ಹೆಡರ್. ಅಂದರೆ ಗಿರಾಕಿಯ ಮೊಬೈಲಿನಲ್ಲಿ ಕಳಿಸಿದವರ ಜಾಗದಲ್ಲಿ ಕಾಣುವ ಗುರುತು. ಅದರ ಕೊನೆಗೆ ಈಗ ಒಂದು ಅಕ್ಷರ ಅಂಟಿರುತ್ತದೆ. ‘ಪಿ’ ಅಂದರೆ ಪ್ರಚಾರ, ‘ಎಸ್’ ಅಂದರೆ ಸೇವೆ, ‘ಟಿ’ ಅಂದರೆ ವಹಿವಾಟು, ‘ಜಿ’ ಅಂದರೆ ಸರ್ಕಾರ. ನಿಮ್ಮ ಲಕ್ಕಿ ಡ್ರಾ ಮೆಸೇಜಿಗೆ ‘ಪಿ’ ಬಿಟ್ಟು ಬೇರೆ ಸಿಗುವುದಿಲ್ಲ. ಬಿಲ್ ಮೆಸೇಜಿನ ಬಾಲಕ್ಕೆ ‘ಸ್ಕೂಟರ್ ಗೆಲ್ಲಿ’ ಅಂತ ಸೇರಿಸಿ ಸೇವೆಯ ಹೆಸರಿನಲ್ಲಿ ಕಳಿಸೋಣ ಅಂತ ಕೆಲವರು ಕೇಳುತ್ತಾರೆ. ಬೇಡ. ಪ್ರಚಾರದ ಒಂದು ಸಾಲು ಸೇರಿದರೂ ಇಡೀ ಮೆಸೇಜ್ ಪ್ರಚಾರವೇ ಆಗುತ್ತದೆ.

ಮೂರನೆಯದು ಟೆಂಪ್ಲೇಟ್. ಕಳಿಸುವ ಮಾತನ್ನು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಹೆಸರು, ಬಿಲ್ ನಂಬರಿನಂಥ ಬದಲಾಗುವ ಜಾಗಗಳನ್ನು ವೇರಿಯಬಲ್ ಅಂತ ಬಿಡಬಹುದು. ಒಂದು ವೇರಿಯಬಲ್ಲಿಗೆ ಇಂತಿಷ್ಟೇ ಅಕ್ಷರ ಅಂತ ಮಿತಿ ಇದೆ. ಉಳಿದ ಮಾತಿನಲ್ಲಿ ಒಂದು ಚುಕ್ಕಿ ಆಚೀಚೆ ಆದರೂ ಮೆಸೇಜ್ ಬಿದ್ದುಹೋಗುತ್ತದೆ. 2021ರ ಮಾರ್ಚ್ 8ರಂದು ಈ ತಪಾಸಣೆ ಮೊದಲ ಸಲ ಶುರುವಾದಾಗ ದೇಶದಲ್ಲೆಲ್ಲ ಒಟಿಪಿಗಳೇ ನಿಂತುಹೋದವು. ಟ್ರಾಯ್ ಒಂದು ವಾರ ತಡೆಹಿಡಿಯಬೇಕಾಯಿತು. ಆ ದಿನ ನಮ್ಮ ಪುಟ್ಟ ಆಫೀಸಿನಲ್ಲಿ ಮೂರು ಫೋನ್ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಒಂದು ಶಾಲೆಯ ಮೆಸೇಜ್ ಹೋಗದಿದ್ದಕ್ಕೆ ಕಾರಣ ಹುಡುಕಿ ಹುಡುಕಿ ಸಂಜೆ ಆಯಿತು. ಕೊನೆಗೆ ಸಿಕ್ಕಿದ್ದು, ‘ಪೋಷಕರೇ’ ಆದ ಮೇಲೆ ಒಂದರ ಬದಲು ಎರಡು ಸ್ಪೇಸ್!

ಮೆಸೇಜಿನಲ್ಲಿ ವೆಬ್‌ಸೈಟ್ ಲಿಂಕ್ ಅಥವಾ ವಾಪಸ್ ಕರೆ ಮಾಡುವ ನಂಬರ್ ಹಾಕುವುದಾದರೆ ಅದನ್ನೂ ಮೊದಲೇ ಪೋರ್ಟಲಿನಲ್ಲಿ ಬರೆಸಿರಬೇಕು. 2024ರ ಅಕ್ಟೋಬರ್ 1ರಿಂದ, ಬರೆಸದ ಲಿಂಕ್ ಇರುವ ಮೆಸೇಜನ್ನು ಕಂಪನಿಗಳು ತಡೆಯುತ್ತವೆ. ಆ ವರ್ಷದ ಡಿಸೆಂಬರಿನಿಂದ ಇನ್ನೊಂದೂ ಬಂತು. ನಿಮ್ಮಿಂದ ಗಿರಾಕಿಯವರೆಗೆ ಮೆಸೇಜ್ ಯಾರ್ಯಾರ ಕೈ ದಾಟಿ ಹೋಗುತ್ತದೋ ಆ ಇಡೀ ಸರಪಳಿ ದಾಖಲಾಗಿರಬೇಕು. ‘ಪೋರ್ಟಲ್ ಗೀರ್ಟಲ್ ಏನೂ ಬೇಡ, ನಾನು ಕಳಿಸಿಕೊಡ್ತೀನಿ’ ಅನ್ನುವ ಏಜೆಂಟರಿಗೆ ಮುಂಗಡ ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅವರು ಸರಪಳಿಯಲ್ಲಿ ಇಲ್ಲದಿದ್ದರೆ ಮೆಸೇಜೂ ಹೋಗಲ್ಲ, ದುಡ್ಡೂ ಬರಲ್ಲ.

ಬಿಲ್ ಪುಸ್ತಕದ ನಾಲ್ಕು ಸಾವಿರ ನಂಬರಿಗೆ ಬರೋಣ. ಬಿಲ್ ಬರೆಸಲು ಕೊಟ್ಟ ನಂಬರ್ ಪ್ರಚಾರಕ್ಕೆ ಕೊಟ್ಟ ಒಪ್ಪಿಗೆ ಅಲ್ಲ. ಡಿಎನ್‌ಡಿ (ಪ್ರಚಾರದ ಕರೆ, ಮೆಸೇಜ್ ಬೇಡ ಅನ್ನುವ ನೋಂದಣಿ) ಹಾಕಿಸಿಕೊಂಡವರಿಗೆ ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಪ್ರಚಾರದ ಮೆಸೇಜ್ ಹೋಗುವುದಿಲ್ಲ. ಪೋರ್ಟಲಿನಲ್ಲೇ ಸೋಸಿ ಹೋಗುತ್ತದೆ. ಉಳಿದವರಿಗೂ ಬೆಳಗ್ಗೆ 10ರಿಂದ ರಾತ್ರಿ 9ರ ಒಳಗೆ ಮಾತ್ರ. ‘ಇನ್ನು ಕಳಿಸಬೇಡಿ’ ಅನ್ನಲು ಮೆಸೇಜಿನಲ್ಲೇ ದಾರಿ ಇರಬೇಕು. ಬೇಡ ಅಂದವರನ್ನು 90 ದಿನದವರೆಗೆ ಮತ್ತೆ ಒಪ್ಪಿಗೆ ಕೇಳುವಂತಿಲ್ಲ. ಗಲ್ಲಾಪೆಟ್ಟಿಗೆ ಹತ್ತಿರ ಒಂದು ಪುಸ್ತಕ ಇಟ್ಟು ‘ಆಫರ್ ಇದ್ದಾಗ ತಿಳಿಸೋಣವಾ?’ ಅಂತ ಬಾಯಿಬಿಟ್ಟು ಕೇಳಿ, ಹ್ಞೂಂ ಅಂದವರದ್ದು ಬೇರೆ ಬರೆದುಕೊಳ್ಳಿ. ಅಷ್ಟೇ ಸಾಲದು, ಒಪ್ಪಿಗೆಯನ್ನು ಡಿಎಲ್‌ಟಿಯಲ್ಲೂ ದಾಖಲಿಸಬೇಕು. ಆದರೆ ಕೇಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ. ಕೇಳಿ ಪಡೆದ 900 ನಂಬರ್, ಕೇಳದೆ ಇಟ್ಟುಕೊಂಡ 4,000ಕ್ಕಿಂತ ಹೆಚ್ಚು ಗಿರಾಕಿ ತರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇದು ಮೊಬೈಲ್ ಕಂಪನಿಗಳ ಕಡೆಯ ಮಾತಾಯಿತು. ಕಾನೂನಿನ ಕಡೆಯದ್ದು ಇನ್ನೂ ಮುಖ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದಿದರೆ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ. ವ್ಯಾಪಾರ ಹೆಚ್ಚಿಸಲು ನಡೆಸುವ ಸ್ಪರ್ಧೆ, ಲಾಟರಿ, ಅದೃಷ್ಟದ ಆಟಗಳನ್ನು ಅದು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲೇ ಇಟ್ಟಿದೆ. ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸುವುದೂ ಅದರಲ್ಲಿದೆ. ಉಚಿತ ಅಂತ ಹೇಳಿ ಅದರ ಖರ್ಚನ್ನು ಮಾಲಿನ ಬೆಲೆಯಲ್ಲೇ ವಸೂಲಿ ಮಾಡುವುದೂ ಇದೆ. ಯೋಜನೆ ಮುಗಿದ ಮೇಲೆ ಫಲಿತಾಂಶ ತಿಳಿಸದೆ ಇರುವುದೂ ಇದೆ. ಆದ್ದರಿಂದ ನಿಮ್ಮ ಷರತ್ತುಗಳ ಕಾಗದವನ್ನು ಅಚ್ಚಿಗೆ ಕೊಡುವ ಮೊದಲು ಊರಿನ ವಕೀಲರೊಬ್ಬರಿಗೆ ತೋರಿಸಿ. ಸಾವಿರ ರೂಪಾಯಿ ಫೀಸಿಗೆ ಹಿಂದೆಮುಂದೆ ನೋಡಬೇಡಿ.

ನನ್ನ ಅನುಭವದಿಂದ ಮೂರು ಮಾತು ಹೇಳುತ್ತೇನೆ. ಹಬ್ಬದ ಮುಂಚೆ ಸೀರೆ ಬೆಲೆ ಏರಿಸಬೇಡಿ. 2,000 ರೂಪಾಯಿಯ ಷರತ್ತು ಬಿಡಿ, ಏನೂ ಕೊಳ್ಳದೆ ಬಂದವರಿಗೂ ಒಂದು ಚೀಟಿ ಬರೆದು ಡಬ್ಬಿಗೆ ಹಾಕಲು ಬಿಡಿ. ಆಗ ‘ದುಡ್ಡು ತೆಗೆದುಕೊಂಡು ಅದೃಷ್ಟ ಮಾರಿದರು’ ಅನ್ನುವ ಮಾತಿಗೆ ಜಾಗ ಇರುವುದಿಲ್ಲ. ಮತ್ತೆ, ಡ್ರಾ ಮುಗಿದ ವಾರದಲ್ಲೇ ಫಲಿತಾಂಶ ಹಾಕಿ. ಜಾಹೀರಾತನ್ನು ಯಾವ ಪತ್ರಿಕೆಯಲ್ಲಿ ಕೊಟ್ಟಿದ್ದಿರೋ ಅದೇ ಪತ್ರಿಕೆಯಲ್ಲಿ, ಕಣ್ಣಿಗೆ ಕಾಣುವಂತೆ. ಕಾಯ್ದೆ ಹೇಳುವುದೂ ಅದನ್ನೇ. ಅಂಗಡಿ ಬಾಗಿಲಿಗೂ ಅಂಟಿಸಿ.

ತಾಳವಾಡಿಯವರು ನಮ್ಮವರೇ, ಮನೆಯಲ್ಲಿ ಕನ್ನಡ ಮಾತಾಡುವವರು. ಆದರೆ ಊರು ಈರೋಡ್ ಜಿಲ್ಲೆಗೆ ಸೇರಿದ್ದು. ತಮಿಳುನಾಡಿನಲ್ಲಿ ಲಾಟ್ ಎತ್ತಿ ಬಹುಮಾನ ಕೊಡುವ ಯೋಜನೆಗಳನ್ನು 1979ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ. ದೊಡ್ಡ ಕಂಪನಿಗಳ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ‘ತಮಿಳುನಾಡಿಗೆ ಅನ್ವಯಿಸುವುದಿಲ್ಲ’ ಅಂತ ಇರುತ್ತದಲ್ವಾ, ಅದಕ್ಕೆ ಕಾರಣ ಇದೇ. ತಾಳವಾಡಿ ಗಿರಾಕಿಗಳಿಗೆ ಡ್ರಾ ಬದಲು ನೇರ ರಿಯಾಯಿತಿ ಕೊಡಿ. ಬಿಲ್ಲಿನಲ್ಲೇ ನೂರು ರೂಪಾಯಿ ಕಡಿಮೆ ಮಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಬೇಕರಿಯ ಸ್ಪರ್ಧೆಯ ಮೆಸೇಜನ್ನು ಕನ್ನಡದಲ್ಲೇ ಕಳಿಸಬೇಕೆಂದು ನನಗೆ ಆಸೆ. ಏಜೆನ್ಸಿಯವರು ‘ಇಂಗ್ಲಿಷಿನಲ್ಲಿ ಬರೆಯಿರಿ, ಕನ್ನಡಕ್ಕೆ ಎರಡು ಮೂರು ಪಟ್ಟು ದುಡ್ಡು’ ಅಂತಾರೆ. ನಿಜವಾ? ಒಂದು ಸಲ ಕಳಿಸಿದ ಟೆಂಪ್ಲೇಟ್ ತಿರಸ್ಕಾರವೂ ಆಯಿತು. (ಹಾಸನ)

ಉತ್ತರ: ದುಡ್ಡಿನ ಮಾತು ಅರ್ಧ ನಿಜ. ಆದರೆ ಕನ್ನಡ ಬಿಡಬೇಡಿ. ನಾನು ನಿಮ್ಮ ಪಕ್ಷ.

ಇಂಗ್ಲಿಷ್ ಮೆಸೇಜ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 70. ಎಪ್ಪತ್ತು ದಾಟಿದ ಕೂಡಲೇ ಅದನ್ನು 67ರ ತುಂಡುಗಳಾಗಿ ಒಡೆದು, ತುಂಡಿಗೊಂದರಂತೆ ಲೆಕ್ಕ ಹಾಕುತ್ತಾರೆ. ಇಲ್ಲಿ ನಮ್ಮವರು ಎಡವುವುದು ಎಲ್ಲಿ ಅಂದರೆ, ನಾವು ಎಣಿಸುವ ಅಕ್ಷರವೇ ಬೇರೆ, ಯಂತ್ರ ಎಣಿಸುವುದೇ ಬೇರೆ. ‘ಅದೃಷ್ಟ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಆರು. ಅ, ದ, ಋ ಸ್ವರದ ಗುರುತು, ಷ, ಅರ್ಧಾಕ್ಷರದ ಗುರುತು, ಟ, ಹೀಗೆ ಒಂದೊಂದನ್ನೂ ಬಿಡಿಯಾಗಿ ಎಣಿಸುತ್ತದೆ. ‘ಬಿಲ್ ಕಳಿಸಿ, ಚಿನ್ನದ ನಾಣ್ಯ ಗೆಲ್ಲಿ’ ಅನ್ನುವ ಸಾಲನ್ನು ತೆಗೆದುಕೊಳ್ಳಿ. ಬಾಯಲ್ಲಿ ಎಣಿಸಿದರೆ ಹನ್ನೆರಡು ಅಕ್ಷರ. ಯಂತ್ರದ ಲೆಕ್ಕದಲ್ಲಿ, ಸ್ಪೇಸು ಅಲ್ಪವಿರಾಮ ಸೇರಿ 31. ಎಪ್ಪತ್ತರಲ್ಲಿ ಸುಮಾರು ಅರ್ಧ ಒಂದೇ ಸಾಲಿಗೆ ಖರ್ಚಾಯಿತು.

ಹಾಗಾಗಿ ಕನ್ನಡ ಮೆಸೇಜ್ ಬರೆಯುವಾಗ ಒತ್ತಕ್ಷರ ಕಡಿಮೆ ಇರುವ ಮಾತು ಆರಿಸಿಕೊಳ್ಳಿ. ‘ಸ್ಪರ್ಧೆಯಲ್ಲಿ ಪಾಲ್ಗೊಂಡು ವಿಜೇತರಾಗಿ’ ಅನ್ನುವುದರ ಬದಲು ‘ಆಡಿ, ಗೆಲ್ಲಿ’. ಹಣವೂ ಉಳಿಯಿತು, ಓದಲೂ ಸುಲಭ. ‘ಮಾನ್ಯ ಗ್ರಾಹಕರೇ’ ಬೇಡ. ಬೇಕರಿ ಹೆಸರು ಮಾತ್ರ ಖಂಡಿತ ಇರಲಿ. ಯಾರು ಕಳಿಸಿದ್ದು ಅಂತ ಗೊತ್ತಾಗದ ಬಹುಮಾನದ ಮೆಸೇಜನ್ನು ಯಾರೂ ನಂಬಬಾರದು, ನಂಬುವುದೂ ಇಲ್ಲ. ಕೊನೆಯ ದಿನ, ಷರತ್ತು ಎಲ್ಲಿ ಸಿಗುತ್ತದೆ ಅನ್ನುವುದು ಕೂಡ ಇರಲಿ. ಇದೆಲ್ಲ ಎರಡು ತುಂಡಿನಲ್ಲಿ, ಅಂದರೆ 134ರ ಒಳಗೆ, ಕೂರಿಸಬಹುದು. ನಾನೇ ಎಷ್ಟೋ ಸಲ ಕೂರಿಸಿದ್ದೇನೆ.

ಟೆಂಪ್ಲೇಟ್ ತಿರಸ್ಕಾರ ಆಗಿದ್ದಕ್ಕೆ ನನ್ನ ಊಹೆ ಒಂದಿದೆ. ನೀವು ಕಳಿಸಿದ ಪ್ರತಿಯ ಜೆರಾಕ್ಸ್ ನೋಡಿದರೆ ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ಹಾಗಿದೆ. ಕಾಗದದ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಪೋರ್ಟಲಿಗೆ ಅಂಟಿಸಿದರೆ ಇಂಗ್ಲಿಷ್ ಗುರುತುಗಳ ಗೋಜಲಾಗುತ್ತದೆ. ಎಲ್ಲ ಕಂಪ್ಯೂಟರ್, ಮೊಬೈಲ್ ಒಂದೇ ರೀತಿ ಓದುವ ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಮೊಬೈಲ್ ಕೀಬೋರ್ಡಿನಲ್ಲಿ ನೀವೇ ಹೊಡೆದರೂ ಆಯಿತು. ಇನ್ನೊಂದು ಸೂಕ್ಷ್ಮ ಇದೆ. ‘ಬಿಲ್‌ಗೆ’ ಅಂತ ಬರೆಯುವಾಗ ‘ಲ್’ ಮತ್ತು ‘ಗೆ’ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕೂರುತ್ತದೆ. ಅದೂ ಒಂದು ಅಕ್ಷರವೇ. ಟೆಂಪ್ಲೇಟಿನಲ್ಲಿ ಅದು ಇದ್ದು, ಕಳಿಸುವ ಮೆಸೇಜಿನಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ ಅಂತ ಯಂತ್ರ ಹೇಳುತ್ತದೆ. ಮತ್ತೆ ಟೈಪ್ ಮಾಡಬೇಡಿ, ಒಪ್ಪಿಗೆಯಾದ ಟೆಂಪ್ಲೇಟನ್ನೇ ಕಾಪಿ ಮಾಡಿ. ‘ಬಿಲ್ಲಿಗೆ’ ಅಂತ ಬರೆದರೆ ಆ ತಾಪತ್ರಯವೇ ಇಲ್ಲ.

ಪ್ರಶ್ನೆ: ನಮ್ಮ ಯುವಕ ಸಂಘ ಗಣೇಶನ ಹಬ್ಬಕ್ಕೆ 100 ರೂಪಾಯಿಯ ಕೂಪನ್ ಮಾಡಿಸಿದೆ. ದುಡ್ಡು ಕಳಿಸಿದವರಿಗೆ ಕೂಪನ್ ನಂಬರನ್ನು ಮೆಸೇಜಿನಲ್ಲೇ ಕಳಿಸುತ್ತೇವೆ. ಮೊದಲ ಬಹುಮಾನ ಬೈಕ್. ಉಳಿದ ಹಣದಲ್ಲಿ ಪೆಂಡಾಲ್, ಅನ್ನಸಂತರ್ಪಣೆ. ದೇವರ ಕೆಲಸ ತಾನೇ, ಅನುಮತಿ ಬೇಕಾ? (ಮಂಡ್ಯ ಜಿಲ್ಲೆ)

ಉತ್ತರ: ಹುಡುಗರೇ, ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ. ಇದು ಅನುಮತಿಯ ಪ್ರಶ್ನೆ ಅಲ್ಲ, ಇದು ಲಾಟರಿ. ದುಡ್ಡು ಕೊಟ್ಟು ಸೇರುವುದು, ಅದೃಷ್ಟದಿಂದ ಆರಿಸುವುದು, ಗೆದ್ದವರಿಗೆ ಬಹುಮಾನ. ಈ ಮೂರೂ ಒಟ್ಟಿಗೆ ಬಂದರೆ ಹೆಸರು ಏನೇ ಇಟ್ಟರೂ ಲಾಟರಿಯೇ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟವನ್ನೇ ನಿಷೇಧಿಸಲಾಗಿದೆ. ಖಾಸಗಿಯವರು ಲಾಟರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ನಿನಲ್ಲಿ ಅಪರಾಧ. ಅದನ್ನು ನಡೆಸಲು ಜಾಗ ಇಟ್ಟುಕೊಂಡವರಿಗೆ ಆರು ತಿಂಗಳವರೆಗೆ ಜೈಲು. ಬಹುಮಾನದ ಪ್ರಕಟಣೆ ಹಂಚಿದವರಿಗೆ 5,000 ರೂಪಾಯಿವರೆಗೆ ದಂಡ. ನಿಮ್ಮ ಮೆಸೇಜು, ವಾಟ್ಸಾಪ್ ಸ್ಟೇಟಸ್ಸು ಎಲ್ಲ ಆ ಪ್ರಕಟಣೆಯ ಲೆಕ್ಕಕ್ಕೆ ಬರಬಹುದು. ಓದುವ, ಕೆಲಸ ಹುಡುಕುವ ವಯಸ್ಸಿನವರ ಮೇಲೆ ಒಂದು ಕೇಸ್ ಬಿದ್ದರೆ ಪೊಲೀಸ್ ವೆರಿಫಿಕೇಷನ್ ಬಂದಾಗಲೆಲ್ಲ ಅದು ಎದ್ದು ನಿಲ್ಲುತ್ತದೆ.

ತೆಗೆದುಕೊಂಡ ಹಣವನ್ನು ವಾಪಸ್ ಮಾಡಿ. ಚಂದಾ ಅಂತಲೇ ಕೇಳಿ, ರಸೀದಿ ಕೊಡಿ. ರಂಗೋಲಿ, ಕಬಡ್ಡಿ, ಹಾಡಿನ ಸ್ಪರ್ಧೆ ಇಟ್ಟು ಪ್ರವೇಶ ಉಚಿತ ಮಾಡಿ, ಬಹುಮಾನವನ್ನು ದಾನಿಗಳಿಂದ ಕೊಡಿಸಿ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಕ್ವಿಜ್ ಮಾಡೋಣ ಅಂತ ಯಾರಾದರೂ ಹೇಳಿದರೆ ಅದಕ್ಕೂ ಬೇಡ ಅನ್ನಿ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಬುದ್ಧಿಯ ಆಟ, ಅದೃಷ್ಟದ ಆಟ ಅನ್ನುವ ಭೇದವನ್ನು ಅದು ಮಾಡುವುದಿಲ್ಲ.

ಪ್ರಶ್ನೆ: ನಮ್ಮದು ಲೋಕಲ್ ಕೇಬಲ್ ಚಾನೆಲ್. ವಾರಕ್ಕೊಂದು ಪ್ರಶ್ನೆ ಕೇಳಿ, ಉತ್ತರವನ್ನು ಎಸ್‌ಎಂಎಸ್ ಮಾಡಿದವರಲ್ಲಿ ಒಬ್ಬರಿಗೆ ಮಿಕ್ಸಿ ಕೊಡುವ ಯೋಚನೆ. ಒಂದು ಎಸ್‌ಎಂಎಸ್‌ಗೆ ಮೂರು ರೂಪಾಯಿ ಇಟ್ಟು, ಅದರಲ್ಲಿ ನಮಗೂ ಪಾಲು ಬರುವಂತೆ ಮಾಡಬಹುದಾ? (ದಾವಣಗೆರೆ)

ಉತ್ತರ: ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. 2007ರ ಜನವರಿಯಿಂದ ಏಪ್ರಿಲ್‌ವರೆಗೆ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದಲ್ಲಿ ಮನೆಯಲ್ಲಿ ಕೂತವರಿಗೂ ಒಂದು ಸ್ಪರ್ಧೆ ಇತ್ತು. ಪರದೆ ಮೇಲೆ ಪ್ರಶ್ನೆ ಬರುತ್ತಿತ್ತು, ಉತ್ತರ ಎಸ್‌ಎಂಎಸ್ ಮಾಡಬೇಕಿತ್ತು. ಸರಿ ಉತ್ತರ ಕಳಿಸಿದವರಲ್ಲಿ ಒಬ್ಬರನ್ನು ಆರಿಸಿ ಎರಡು ಲಕ್ಷ ರೂಪಾಯಿ ಕೊಡುತ್ತಿದ್ದರು. ಒಂದು ಮೆಸೇಜಿಗೆ 2 ರೂಪಾಯಿ 40 ಪೈಸೆ. ಸೊಸೈಟಿ ಆಫ್ ಕ್ಯಾಟಲಿಸ್ಟ್ಸ್ ಅನ್ನುವ ಗ್ರಾಹಕರ ಸಂಸ್ಥೆ ದೂರು ಕೊಟ್ಟಿತು. ಬಹುಮಾನ ಉಚಿತ ಅನ್ನುವ ಭಾವನೆ ಹುಟ್ಟಿಸಿ, ಅದರ ಹಣವನ್ನು ಜನರ ಮೆಸೇಜಿನಿಂದಲೇ ಎತ್ತುತ್ತಿದ್ದಾರೆ ಅನ್ನುವುದು ಅವರ ವಾದ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಅದನ್ನು ಒಪ್ಪಿ ಚಾನೆಲ್ ಮತ್ತು ಮೊಬೈಲ್ ಕಂಪನಿಗೆ ಒಂದು ಕೋಟಿ ರೂಪಾಯಿ ಕಟ್ಟಲು ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಯಾಕೆ ಅಂದರೆ, ಮೆಸೇಜಿನ ದುಡ್ಡಿನಿಂದಲೇ ಬಹುಮಾನ ಕೊಟ್ಟರು ಅನ್ನುವುದಕ್ಕೆ ಸಾಕ್ಷಿ ಇರಲಿಲ್ಲ.

ಇದನ್ನು ಓದಿ ‘ಹಾಗಾದರೆ ಮಾಡಬಹುದು’ ಅಂದುಕೊಳ್ಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕೋರ್ಟ್ ಕೇಳಿದ್ದು ಸಾಕ್ಷಿಯನ್ನು. ನೀವೋ, ಪಾಲು ಬೇಕು ಅಂತ ಪತ್ರದಲ್ಲೇ ಬರೆದಿದ್ದೀರಿ! ಮಿಕ್ಸಿಯ ದುಡ್ಡು ಮೆಸೇಜಿನಿಂದ ಬರುತ್ತದೆ ಅನ್ನುವುದಕ್ಕೆ ನಿಮ್ಮ ಲೆಕ್ಕದ ಪುಸ್ತಕವೇ ಸಾಕ್ಷಿಯಾಗುತ್ತದೆ. ಜೊತೆಗೆ ಹೆಚ್ಚಿನ ದರದ ಎಸ್‌ಎಂಎಸ್ ಸ್ಪರ್ಧೆಗಳಲ್ಲಿ ದರವನ್ನು ಜಾಹೀರಾತಿನಲ್ಲೇ ತಿಳಿಸಬೇಕೆಂದು ಟ್ರಾಯ್ ಬಹಳ ಹಿಂದೆಯೇ ಹೇಳಿದೆ. ಸಾವಿರ ಮನೆಯ ಚಾನೆಲ್ಲಿಗೆ ಇಷ್ಟೆಲ್ಲ ರಗಳೆ ಬೇಕಾ? ಮಿಸ್ಡ್ ಕಾಲ್ ನಂಬರ್ ಒಂದು ಇಡಿ, ನೋಡುವವರಿಗೆ ಖರ್ಚಿಲ್ಲ. ಮಿಕ್ಸಿಯನ್ನು ಊರಿನ ಪಾತ್ರೆ ಅಂಗಡಿಯವರು ಜಾಹೀರಾತಿಗೆ ಬದಲಾಗಿ ಸಂತೋಷದಿಂದ ಕೊಡುತ್ತಾರೆ. ಅದೂ ಅದೃಷ್ಟದ ಆಯ್ಕೆಯಾಗುವುದು ಬೇಡ ಅಂದರೆ ಪ್ರಶ್ನೆಯನ್ನೇ ಕಷ್ಟ ಮಾಡಿ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದ ಬಗ್ಗೆ ನಾಲ್ಕು ಸಾಲು ಬರೆಯಲು ಹೇಳಿ, ಚೆನ್ನಾಗಿ ಬರೆದವರಿಗೆ ಕೊಡಿ.

ಪ್ರಶ್ನೆ: ಒಂದು ಅಂಗಡಿಯ ಡ್ರಾದಲ್ಲಿ ನನಗೆ 90,000 ರೂಪಾಯಿಯ ಸ್ಕೂಟರ್ ಬಂದಿದೆ. ಕೊಡುವ ಮೊದಲು 27,000 ಕಟ್ಟಿ ಅಂತಿದ್ದಾರೆ. ನಾನು ಟೈಲರ್, ನನ್ನ ವರ್ಷದ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಮೋಸ ಅಲ್ವಾ ಇದು? (ತುಮಕೂರು)

ಉತ್ತರ: ಅಮ್ಮಾ, ನಿಮ್ಮ ಅನುಮಾನ ಸಹಜ. ಆದರೆ ಈ ಲೆಕ್ಕ ಸರಿಯಾಗಿದೆ. ಚೀಟಿ ಎತ್ತಿ ಕೊಡುವ ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರು ಶೇಕಡಾ 30ರಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಗದಾದರೆ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಸ್ಕೂಟರನ್ನು ಕತ್ತರಿಸಿ ಕೊಡಲಾಗುವುದಿಲ್ಲವಲ್ಲ, ಹಾಗಾಗಿ ತೆರಿಗೆ ಸಂದಾಯವಾದ ಮೇಲೆಯೇ ಗಾಡಿ ಕೈಗೆ ಕೊಡಬೇಕೆಂದು ಕಾನೂನಿದೆ. ಬೇರೆ ಆದಾಯ ಕಡಿಮೆ ಇದ್ದರೂ ಬಹುಮಾನದ ತೆರಿಗೆಗೆ ವಿನಾಯಿತಿ ಇಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುವವರಿಗೆ 27,000 ಅಂದರೆ ಎಷ್ಟು ತಿಂಗಳ ಕೆಲಸ ಅಂತ ನನಗೆ ಗೊತ್ತು. ಅದಕ್ಕೇ ಇಂಥ ಡ್ರಾ ಇಡುವ ಅಂಗಡಿಯವರಿಗೆ ನಾನು ಮೊದಲೇ ಹೇಳುತ್ತೇನೆ, ತೆರಿಗೆ ಯಾರು ಕಟ್ಟುತ್ತಾರೆ ಅಂತ ಮೆಸೇಜಿನಲ್ಲೋ ಷರತ್ತಿನಲ್ಲೋ ಕಣ್ಣಿಗೆ ಕಾಣುವಂತೆ ಬರೆಯಿರಿ, ಸಾಧ್ಯವಾದರೆ ನೀವೇ ಕಟ್ಟಿ ಅಂತ.

ನೀವು ಮೊದಲು ಆ ಷರತ್ತಿನ ಕಾಗದ ಕೇಳಿ. ಅದರಲ್ಲಿ ತೆರಿಗೆಯ ಮಾತೇ ಇಲ್ಲದಿದ್ದರೆ, ಅವರೇ ಭರಿಸಲಿ ಅಂತ ಪಟ್ಟು ಹಿಡಿಯಿರಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ನೀವೇ ಕಟ್ಟುವುದಾದರೆ ಅಂಗಡಿಯ ಖಾತೆಗೇ ಕಟ್ಟಿ, ರಸೀದಿ ತೆಗೆದುಕೊಳ್ಳಿ, ನಿಮ್ಮ ಪ್ಯಾನ್ ನಂಬರ್ ಕೊಡಿ. ಅವರು ಟಿಡಿಎಸ್ (ಹಿಡಿದು ಕಟ್ಟಿದ ತೆರಿಗೆಯ) ಪ್ರಮಾಣಪತ್ರ ಕೊಡಬೇಕು. ಕೆಲವು ತಿಂಗಳಾದ ಮೇಲೆ ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಹೆಸರಿನ ಎದುರು ಆ 27,000 ಕಾಣಬೇಕು. ಕಾಣದಿದ್ದರೆ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. 25 ಲಕ್ಷ ಬಹುಮಾನ ಬಂದಿದೆ ಅಂತ ಮೆಸೇಜ್ ಬಂತು. ವಾಟ್ಸಾಪಿನಲ್ಲಿ ಮಾತಾಡಿದವರು ಬಹಳ ಮರ್ಯಾದೆಯಿಂದ ಮಾತಾಡಿದರು. ತೆರಿಗೆ ಅಂತ 8,500 ರೂಪಾಯಿ ಯುಪಿಐನಲ್ಲಿ ಕಳಿಸಿದೆ. ಈಗ ಇನ್ನೂ 20,000 ಕೇಳುತ್ತಿದ್ದಾರೆ. ಮಕ್ಕಳಿಗೆ ಹೇಳಿಲ್ಲ. (ಊರಿನ ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೇಷ್ಟ್ರೇ, ಇನ್ನು ಒಂದು ರೂಪಾಯಿಯನ್ನೂ ಕಳಿಸಬೇಡಿ. ಇದು ಮೋಸ. ನಿಮ್ಮ ತಪ್ಪಲ್ಲ. ಹುಣಸೂರಿನಲ್ಲಿರುವ ನಮ್ಮ ದೊಡ್ಡಮ್ಮ ಇದೇ ರೀತಿ 18,500 ಕಳೆದುಕೊಂಡರು. ಮೆಸೇಜ್ ಕಳಿಸುವುದೇ ಕೆಲಸವಾಗಿರುವ ನಾನು ಕುಟುಂಬದಲ್ಲೇ ಇದ್ದರೂ ಅವರು ನನಗೆ ಹೇಳಲಿಲ್ಲ. ಕೇಳಿದರೆ ‘ನಿನ್ನ ಹತ್ತಿರವೂ ದುಡ್ಡು ಇಲ್ಲ ಅಂತ ಗೊತ್ತಿತ್ತು ಕಣೇ, ಗೆದ್ದ ಮೇಲೆ ಕೊಡೋಣ ಅಂತ ಇದ್ದೆ’ ಅಂದರು. ಅವತ್ತಿನಿಂದ ಯಾರಿಗೇ ಬಹುಮಾನದ ಮೆಸೇಜ್ ಬರೆದುಕೊಟ್ಟರೂ ನನಗೆ ದೊಡ್ಡಮ್ಮನ ಮೊಬೈಲ್ ನೆನಪಾಗುತ್ತದೆ. ಅವರ ಇನ್‌ಬಾಕ್ಸಿನಲ್ಲಿ ಅಂಗಡಿಯ ನಿಜವಾದ ಮೆಸೇಜೂ, ಮೋಸಗಾರರದ್ದೂ ಒಂದರ ಕೆಳಗೆ ಒಂದು ಕೂತಿದ್ದವು.

ಹಿಂದಿನ ಉತ್ತರದಲ್ಲಿ ತೆರಿಗೆ ಮೊದಲು ಕಟ್ಟುವುದು ನಿಜ ಅಂತ ಬರೆದೆ. ಮೋಸಗಾರರಿಗೂ ಆ ನಿಯಮ ಗೊತ್ತು, ಅದನ್ನೇ ಹಿಡಿದುಕೊಂಡು ಆಡುತ್ತಾರೆ. ವ್ಯತ್ಯಾಸ ಎಲ್ಲಿ ಅಂದರೆ, ನಿಜವಾದ ಬಹುಮಾನಕ್ಕೆ ನೀವು ಸೇರಿರುತ್ತೀರಿ. ನಿಮ್ಮ ಕೈಯಲ್ಲಿ ಬಿಲ್ಲೋ ಚೀಟಿಯೋ ಇರುತ್ತದೆ. ಹೋಗಿ ನಿಲ್ಲಲು ಒಂದು ಅಂಗಡಿ ಇರುತ್ತದೆ. ಸೇರದ ಸ್ಪರ್ಧೆಯಲ್ಲಿ ಯಾರೂ ಗೆಲ್ಲುವುದಿಲ್ಲ. ನಿಮಗೆ ಮೆಸೇಜ್ ಬಂದಿದ್ದು ಹತ್ತು ಅಂಕಿಯ ನಂಬರಿನಿಂದ ಅಂತ ಬರೆದಿದ್ದೀರಿ. ನೋಂದಾಯಿತ ಕಂಪನಿಯ ಪ್ರಚಾರವಾಗಿದ್ದರೆ ಹೆಡರ್ ಇದ್ದು ಕೊನೆಗೆ ‘ಪಿ’ ಇರುತ್ತಿತ್ತು. ಅದು ಯಾರ ಹೆಡರ್ ಅಂತ ಟ್ರಾಯ್ ವೆಬ್‌ಸೈಟಿನಲ್ಲಿ ನೋಡಬಹುದು. ‘ಪಿ’ ಇದ್ದ ಮಾತ್ರಕ್ಕೆ ಬಹುಮಾನ ನಿಜ ಅಂತಲ್ಲ. ಆದರೆ ಕಳಿಸಿದವರು ಯಾರು ಅನ್ನುವುದಕ್ಕೆ ದಾಖಲೆ ಇರುತ್ತದೆ.

ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930. ಬೇಗ ಹೇಳಿದಷ್ಟೂ ಆ ಹಣವನ್ನು ಖಾತೆಯಲ್ಲೇ ತಡೆಯುವ ಅವಕಾಶ ಜಾಸ್ತಿ. ಬರೀ ಮೆಸೇಜ್ ಬಂದು ದುಡ್ಡು ಹೋಗದಿದ್ದವರು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ‘ಚಕ್ಷು’ ವಿಭಾಗದಲ್ಲಿ ತಿಳಿಸಿ. ಬೇಡದ ಪ್ರಚಾರದ ಮೆಸೇಜಾದರೆ 1909, ಬಂದ ಏಳು ದಿನದೊಳಗೆ. ಮೆಸೇಜನ್ನು ಅಳಿಸಬೇಡಿ, ಯುಪಿಐ ವಹಿವಾಟಿನ ನಂಬರ್ ಬರೆದಿಟ್ಟುಕೊಳ್ಳಿ.

ಈ ಉತ್ತರ ಅಚ್ಚಾಗುವವರೆಗೆ ಕಾಯುವುದು ಸರಿಯಲ್ಲ ಅನ್ನಿಸಿ, ಪತ್ರ ಸಿಕ್ಕ ದಿನವೇ ಮೇಷ್ಟ್ರಿಗೆ ಫೋನ್ ಮಾಡಿದೆ. 1930ಕ್ಕೆ ದೂರು ಬರೆಸಿದ್ದಾರೆ. ದೂರಿನ ನಂಬರನ್ನು ನನಗೂ ಓದಿ ಹೇಳಿದರು, ಪಾಠ ಹೇಳುವ ಹಾಗೆ, ಒಂದೊಂದೇ ಅಂಕಿ ಬಿಡಿಸಿ. ಸಂಜೆ ಮಗಳಿಗೂ ಹೇಳುತ್ತೇನೆ ಅಂದರು.